ತರಗು ಬೆಂಕಿ

ಕೇಳುಗರಿಗೆ ನಮಸ್ಕಾರ.

ಬಹಳ ವರ್ಷದ ಹಿಂದಿನ ಮಾತು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಒಂದು ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರಾಗಿದ್ದೆ. ಮಕ್ಕಳಿಗೆ ‘ಬೇಸಿಗೆಯ ಕಾಡು’ ಅಂತ ಪ್ರಬಂಧ ಬರೆಯಲು ಕೊಟ್ಟಿದ್ದೆ. ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ತಮ್ಮ ಹಾಡಿಯನ್ನು ಪೋಡು ಎನ್ನುತ್ತಾರೆ. ಅಂಥ ಪೋಡಿನಿಂದ ನಡೆದು ಬರುತ್ತಿದ್ದ ಸೋಲಿಗರ ಹುಡುಗನೊಬ್ಬ, ‘ನಮ್ಮ ತಾತನ ಕಾಲದಲ್ಲಿ ತರಗು ಬೆಂಕಿ ಹಾಕುತ್ತಿದ್ದರು’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಆ ಪದ ಹೊಡೆದುಹಾಕಿ ಮೇಲೆ ‘ಕಾಳ್ಗಿಚ್ಚು’ ಎಂದು ತಿದ್ದಿದೆ. ಹುಡುಗ ಪುಸ್ತಕ ಹಿಡಿದು ಮೇಜಿನ ಹತ್ತಿರವೇ ನಿಂತ. ‘ಸಾ, ಅದು ಬ್ಯಾರೆ, ಇದು ಬ್ಯಾರೆ’ ಅಂದ.

ಎಷ್ಟು ಬೇರೆ ಎಂಬುದನ್ನು ಆಮೇಲೆ ಅವನ ತಾತ ನನಗೆ ಕಾಡಿನಲ್ಲೇ ನಿಂತು ಹೇಳಿದರು. ತರಗು ಎಂದರೆ ಉದುರಿ ಒಣಗಿದ ಎಲೆ, ಅದು ನಮಗೂ ಗೊತ್ತು. ಚಳಿ ಮುಗಿದು ಬಿಸಿಲು ಇನ್ನೂ ಬಲಿಯುವ ಮುಂಚೆ, ನೆಲದಲ್ಲಿ ತೇವ ಉಳಿದಿರುವಾಗಲೇ, ಸೋಲಿಗರು ಆ ತರಗಿಗೆ ಬೆಂಕಿ ತಾಗಿಸುತ್ತಿದ್ದರು. ಬೆಂಕಿ ಮೊಳಕಾಲೆತ್ತರಕ್ಕೆ ಏಳದೆ ನೆಲ ಹಿಡಿದು ಹರಿದುಹೋಗುತ್ತಿತ್ತು. ದೊಡ್ಡ ಮರಕ್ಕೆ ಏಟಿಲ್ಲ. ಹೊರಗಿನಿಂದ ಬಂದು ಕಾಡೆಲ್ಲ ಹಬ್ಬುವ ಲಂಟಾನ ಪೊದೆಯ ಎಳೆ ಸಸಿ ಸುಡುತ್ತಿತ್ತು, ಕಡವೆ ಜಿಂಕೆಗೆ ಹೊಸ ಹುಲ್ಲು ಚಿಗುರುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ಅದೂ ಈ ಬೆಂಕಿಗೆ ಹತೋಟಿಯಲ್ಲಿರುತ್ತಿತ್ತು ಎನ್ನುವುದು ಅವರ ಅನುಭವ. ಕಾಳ್ಗಿಚ್ಚು ಹಾಗಲ್ಲ. ಅದು ಕಡುಬೇಸಿಗೆಯಲ್ಲಿ ಎದ್ದರೆ ಮರದ ನೆತ್ತಿ ಹತ್ತುತ್ತದೆ.

1974ರಲ್ಲಿ ಈ ಬೆಟ್ಟ ವನ್ಯಧಾಮವಾಯಿತು. ಕಾಡಿನೊಳಗೆ ತಿರುಗಿ ಬೇಸಾಯ ಮಾಡುತ್ತಿದ್ದ ಸೋಲಿಗರು ಪೋಡುಗಳಲ್ಲಿ ನೆಲೆನಿಲ್ಲಬೇಕಾಯಿತು. ತರಗು ಬೆಂಕಿಯೂ ನಿಂತಿತು. ನಾನು ಕೆಂಪು ಶಾಯಿಯಲ್ಲಿ ಮಾಡಿದ ಕೆಲಸವನ್ನೇ ಕಾಯಿದೆಯೂ ಮಾಡಿತ್ತು: ಎರಡು ಬೆಂಕಿಗೂ ಒಂದೇ ಹೆಸರು ಕೊಟ್ಟಿತ್ತು. ಸಂಶೋಧಕರು ಗುರುತು ಮಾಡಿ ನೋಡಿದ ತಾಣಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ನೂರಕ್ಕೆ 81ರಲ್ಲಿ. ಬೆಂಕಿ ನಿಂತದ್ದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಅಲ್ಲೇ ಹುಟ್ಟಿ ಬೆಳೆದವರ ಮಾತನ್ನು ಆ ದಿನ ಯಾರೂ ಕೇಳಲಿಲ್ಲ ಎನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ಈಗ ಲಂಟಾನ ಆಳೆತ್ತರ ಬೆಳೆದು ನಿಂತಿದೆ. ಮೊದಲು ಅದನ್ನು ಕಿತ್ತು ತೆಗೆಯದೆ ಕಡ್ಡಿ ಗೀರಿದರೆ ತರಗು ಬೆಂಕಿಯೇ ಕಾಳ್ಗಿಚ್ಚಾಗುತ್ತದೆ.

ಕೇಳುಗರೇ, ಸೋಲಿಗರ ನುಡಿ ಕನ್ನಡದ ಹತ್ತಿರದ ನೆಂಟ. ಬಿಳಿಗಿರಿರಂಗ ಅವರ ಹೆಣ್ಣುಮಗಳು ಕುಸುಮಾಲೆಯ ಕೈಹಿಡಿದ ಭಾವನಲ್ಲವೇ, ಹಾಗೇ ಅನ್ನಿ! ಆದರೆ ಈ ಹತ್ತಿರವೇ ಅದಕ್ಕೆ ಮುಳುವಾಗಿದೆ. ಪೂರ್ತಿ ಬೇರೆ ಭಾಷೆಯಾಗಿದ್ದರೆ ಭಾಷೆ ಅಂತಲಾದರೂ ಒಪ್ಪುತ್ತಿದ್ದೆವು. ನಮಗೆ ಅದು ಕೆಟ್ಟ ಕನ್ನಡದಂತೆ ಕೇಳಿಸುತ್ತದೆ, ತಿದ್ದಲು ಕೈ ಹೋಗುತ್ತದೆ. ಮಕ್ಕಳು ಪೇಟೆಯ ಹಾಸ್ಟೆಲಿಗೆ ಹೋದ ಮೇಲೆ ಮನೆಮಾತು ಆಡಲು ನಾಚುತ್ತವೆ.

ಹಾಗೆ ನಾಚುವ ಮಾತಿಗೆ ಎಂಥ ಬಲ ಇದೆ ಅಂತ ಗೊತ್ತಾದದ್ದು ಅರಣ್ಯ ಹಕ್ಕು ಕಾಯಿದೆ ಬಂದ ಮೇಲೆ. 2006ರ ಆ ಕಾಯಿದೆಯ ನಿಯಮಗಳ ಪ್ರಕಾರ ಕಾಡಿನ ಮೇಲಿನ ಹಕ್ಕು ಕೇಳುವಾಗ ಹಿರಿಯರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ದೇವರ ಮರ, ಸಮಾಧಿಯ ಜಾಗ, ಹಳೆಯ ವಾಸದ ಕುರುಹು ಕೂಡ ಸಾಕ್ಷಿಯೇ. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು ಎಂಬ ದೈವ, ಸತ್ತವರ ಕಲ್ಲುಗುಡಿ, ನೀರಿನ ಅಬ್ಬಿ. ಪರಿಸರ ಅಧ್ಯಯನ ಮಾಡುವ ಏಟ್ರಿ ಸಂಸ್ಥೆಯ ಸಂಶೋಧಕರೂ ಸೋಲಿಗರೂ ಕೂಡಿ ಇಂಥ 400ಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಗೆ ಏರಿಸಿದರು. ಅಷ್ಟರವರೆಗೆ ಆ ಹೆಸರುಗಳು ಹಿರಿಯರ ಬಾಯಲ್ಲಿ ಮಾತ್ರ ಇದ್ದವು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅಂಥ ಹಕ್ಕು ಪಡೆದವರಲ್ಲಿ ಸೋಲಿಗರೇ ದೇಶಕ್ಕೆ ಮೊದಲಿಗರು.

ಹಕ್ಕುಪತ್ರ ಬಂದ ಮಾತ್ರಕ್ಕೆ ಕಾಡಿನ ಉಸ್ತುವಾರಿ ಕೈಗೆ ಬಂದಂತಲ್ಲ. ಅದಕ್ಕಾಗಿ ಇವತ್ತು ಸಭೆಯಲ್ಲಿ ಎದ್ದು ಕೇಳುತ್ತಿರುವವರು ಓದಿದ ಹುಡುಗ ಹುಡುಗಿಯರು.

ಒಮ್ಮೆ ಒಂದು ಪೋಡಿನ ಸಭೆಗೆ ಹೋಗಿದ್ದೆ. ಹೊಂಗೆ ಮರದಡಿ ಚಾಪೆ ಹಾಸಿತ್ತು. ಕಾಲೇಜು ಓದುವ ಹುಡುಗಿಯೊಬ್ಬಳು ನಡಾವಳಿ ಬರೆಯುತ್ತಿದ್ದಳು. ಮುದುಕರೊಬ್ಬರು ಒಂದು ಅಬ್ಬಿಯ ಹೆಸರು ಹೇಳಿದರು. ಬರೆದು ಓದಿ ತೋರಿಸಿದಳು. ‘ಹಂಗಲ್ಲ ಕಣವ್ವ’ ಎಂದು ಅವರು ನಿಧಾನವಾಗಿ ಇನ್ನೊಮ್ಮೆ ಉಚ್ಚರಿಸಿದರು. ಅವಳು ತಾನು ಬರೆದಿದ್ದನ್ನು ಹೊಡೆದುಹಾಕಿ, ಅವರ ಬಾಯಿಂದ ಹೇಗೆ ಬಂತೋ ಹಾಗೇ ಬರೆದುಕೊಂಡಳು.

ನಮಸ್ಕಾರ.