ಕುಡತಿನಿಯ ಬೂದಿ, ಗುಡ್ಡದ ಮಣ್ಣು

ನಮಸ್ಕಾರ. ಪರದೆಯ ಮೇಲೆ ಈಗ ನೀವು ನೋಡುತ್ತಿರುವುದು ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಕುಡತಿನಿಯ ಬೂದಿ ದಿಬ್ಬ. ದೂರದಿಂದ ನೋಡಿದವರಿಗೆ ಇದು ಯಾರೋ ತಂದು ಸುರಿದ ಮಣ್ಣಿನ ಗುಪ್ಪೆಯಂತೆ ತೋರಬಹುದು. ಹತ್ತಿರ ಹೋಗಿ ಮಂಡಿಯೂರಿ ಕುಳಿತರೆ ಮಾತ್ರ ಒಂದರ ಮೇಲೊಂದು ಕೂತ ಬಿಳಿ, ಬೂದು ಪದರಗಳು ಕಣ್ಣಿಗೆ ಬೀಳುತ್ತವೆ. ಕೆಲವು ಕಡೆ ಬೂದಿಯೇ ಕರಗಿ, ಕುಲುಮೆಯ ಕಿಟ್ಟದಂತೆ ತೂತುತೂತಾಗಿ, ಅಂಚಿನಲ್ಲಿ ಗಾಜಿನಂತೆ ಹೊಳೆಯುತ್ತದೆ.

ಇಷ್ಟೊಂದು ಬೂದಿ ಮನೆಯ ಒಲೆಯಿಂದ ಬರುವುದಲ್ಲ ಎಂಬುದು ಜನರಿಗೆ ಎಂದೋ ಹೊಳೆದಿತ್ತು. ಹಂಪಿಯ ಬಳಿಯ ನಿಂಬಾಪುರದಲ್ಲಿ ಇಂಥದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ನಂಬುತ್ತಾರೆ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ಬಹಳ ದೊಡ್ಡ ಬೆಂಕಿಯೊಂದು ಇಲ್ಲಿ ಉರಿದಿತ್ತೆಂಬುದನ್ನು ಅದು ಸರಿಯಾಗಿಯೇ ಗ್ರಹಿಸಿದೆ. ಉರಿದದ್ದು ದನದ ಸಗಣಿ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ತೀರ್ಮಾನಕ್ಕೆ ಬಂದಿದ್ದರು. 1957ರಲ್ಲಿ, ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಪುರಾತತ್ವಜ್ಞ ಆಲ್ಚಿನ್ ಅಗೆಸಿದಾಗ, ಬೂದಿಯ ಪದರಗಳ ನಡುವೆ ದೊಡ್ಡಿಯ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ನಮ್ಮ ಸೀಮೆಯ ನವಶಿಲಾಯುಗದ ಜನ ದನಗಳನ್ನು ದೊಡ್ಡಿಯಲ್ಲಿ ಕೂಡಿ, ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟರು. ದಖ್ಖನ್ನಿನ ದಕ್ಷಿಣ ಭಾಗದಲ್ಲಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚಿವೆ, ಹಳೆಯವು ಸುಮಾರು ಕ್ರಿ.ಪೂ. 3000ದಷ್ಟು ಹಿಂದಿನವು.

ಅಷ್ಟು ದನಗಳಿಗೆ ಮೇವು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಈ ವಿಡಿಯೊ ಮಾಡಲು ಹೊರಟೆ. ಉತ್ತರಕ್ಕಾಗಿ ಮಳೆಯ ಚರಿತ್ರೆಗೆ ಹೋಗಬೇಕಾಗುತ್ತದೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಭೂಮಿಯ ಉತ್ತರಾರ್ಧಕ್ಕೆ ಬೇಸಿಗೆಯಲ್ಲಿ ಬೀಳುತ್ತಿದ್ದ ಬಿಸಿಲು ಈಗಿನದಕ್ಕಿಂತ ಪ್ರಖರವಾಗಿತ್ತು, ಅದರಿಂದಾಗಿ ಮುಂಗಾರು ಕೂಡ ಬಲವಾಗಿತ್ತು. ಸೂರ್ಯನ ಸುತ್ತಲಿನ ಭೂಮಿಯ ಕಕ್ಷೆ ನಿಧಾನವಾಗಿ ಬದಲಾದಂತೆ ಮಳೆಯೂ ಸೊರಗುತ್ತ ಬಂತು. ಮಹಾರಾಷ್ಟ್ರದ ಲೋಣಾರ್ ಸರೋವರದ ತಳದಿಂದ ತೆಗೆದ ಕೆಸರಿನಲ್ಲಿ, ನೀರು ಬತ್ತಿ ಉಪ್ಪು ಗಟ್ಟಿಯಾದಾಗ ಮಾತ್ರ ಮೂಡುವ ಗೇಲುಸೈಟ್ ಎಂಬ ಖನಿಜದ ಹರಳುಗಳಿವೆ. ಸುಮಾರು 4,600ರಿಂದ 3,900 ವರ್ಷಗಳ ಹಿಂದಿನ ದೀರ್ಘ ಬರಗಾಲವೊಂದನ್ನು ಆ ಹರಳುಗಳು ತೋರಿಸಿಕೊಡುತ್ತವೆ. ಮಳೆ ಕುಗ್ಗಿದ ಕಡೆ ಕಾಡು ತೆಳುವಾಗಿ, ಮರಗಳ ನಡುವೆ ಹುಲ್ಲು ಹರಡಿತು, ದನಗಾಹಿಗಳಿಗೆ ಮೇವಿನ ನೆಲ ತೆರೆದುಕೊಂಡಿತು. ಆ ಹುಲ್ಲಿನಲ್ಲೇ ಕೊರಲೆ ಇತ್ತು. ಇಂದು ಸಿರಿಧಾನ್ಯವೆಂದು ಪೊಟ್ಟಣದಲ್ಲಿ ಮಾರುವ ಈ ಕೊರಲೆಯನ್ನೂ, ಹುರುಳಿಯನ್ನೂ, ಹೆಸರನ್ನೂ ಇಲ್ಲಿನ ಜನ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಬೆಳೆದು ಉಣ್ಣುತ್ತಿದ್ದರೆಂಬುದಕ್ಕೆ ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ಸಿಕ್ಕ ಕರಕಲಾದ ಕಾಳುಗಳೇ ಸಾಕ್ಷಿ.

ಆದ್ದರಿಂದ, ಬಯಲುಸೀಮೆಯನ್ನು ಬೋಳು ಮಾಡಿದವರು ದನಗಾಹಿಗಳು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಅನ್ಯಾಯವೆಂದೇ ನನ್ನ ಭಾವನೆ. ನೆಲವನ್ನು ಮೊದಲು ತೆರೆದದ್ದು ಮಳೆಯ ಕೊರತೆ. ಹಾಗೆ ತೆರೆದ ನೆಲ ಮತ್ತೆ ಮುಚ್ಚಿಕೊಳ್ಳದಂತೆ ಮಾಡಿದ್ದರಲ್ಲಿ ಮೇಯುವ ದನ, ಬೆಂಕಿ ಮತ್ತು ಕೊಡಲಿಗಳ ಪಾಲಿದೆ.

ಕೊಡಲಿಯೆಂದೆನಲ್ಲ, ಅದನ್ನು ತಯಾರಿಸುತ್ತಿದ್ದ ಜಾಗ ಸಂಗನಕಲ್ಲಿನ ಹಿರೇಗುಡ್ಡ. ತಿಳಿ ಬಣ್ಣದ ಗ್ರಾನೈಟ್ ಬಂಡೆಗಳ ನಡುವೆ ಡೋಲರೈಟ್ ಎಂಬ ಗಟ್ಟಿ ಕಲ್ಲಿನ ಕಪ್ಪು ಪಟ್ಟಿಯೊಂದು ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಅದೇ ಕಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿ ಮಾಡುತ್ತಿದ್ದರು. ಕ್ಯಾಮೆರಾವನ್ನು ಈ ಬಂಡೆಯ ಹತ್ತಿರಕ್ಕೆ ತರುತ್ತೇನೆ: ಅಂಗೈ ಅಗಲದ ಈ ನುಣ್ಣನೆಯ ತಗ್ಗು, ನೀರು ಹಾಕಿ ಕಲ್ಲಿನ ಅಲಗನ್ನು ಮಸೆದು ಮಸೆದು ಆದದ್ದು. ಬೆರಳಿಟ್ಟರೆ ಸುತ್ತಲಿನ ಒರಟು ಬಂಡೆಗೂ ಇದಕ್ಕೂ ಇರುವ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಮೇಲಿನ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಕೊಡುತ್ತವೆ. ಇಂಥ ಗುಡ್ಡವನ್ನು ಜಲ್ಲಿಕಲ್ಲಿಗಾಗಿ ಒಡೆಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ನನ್ನನ್ನು ಬಹಳ ದಿನ ಕಾಡಿದ ಸಂಗತಿಗೆ ಬರುತ್ತೇನೆ. ಮಳೆ ಕಡಿಮೆಯಾದರೆ ಮಣ್ಣು ಕೊಚ್ಚಿಹೋಗುವುದೂ ಕಡಿಮೆಯಾಗಬೇಕು ಎಂದು ನಾನು ತಿಳಿದಿದ್ದೆ. ಗೋದಾವರಿ ಸಮುದ್ರ ಸೇರುವಲ್ಲಿ, ಬಂಗಾಳ ಕೊಲ್ಲಿಯ ತಳದಿಂದ ತೆಗೆದ ಹೂಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಅದಕ್ಕೆ ತದ್ವಿರುದ್ಧ. ಮುಂಗಾರು ದುರ್ಬಲವಾದ ಕಾಲದಲ್ಲೇ ದಖ್ಖನ್ನಿನಿಂದ ಕಡಲಿಗೆ ಹೋಗುವ ಮಣ್ಣು ಹೆಚ್ಚಿದೆ, ಬೇಸಾಯ ಬಂದ ಮೇಲೆ, ಅದರಲ್ಲೂ ಕಬ್ಬಿಣಯುಗದಲ್ಲಿ ಉಳುಮೆ ವಿಸ್ತರಿಸಿದ ಮೇಲೆ, ಇನ್ನಷ್ಟು ಏರಿದೆ. ಕಾರಣ ನಮ್ಮ ರೈತರು ದಿನವೂ ಕಾಣುವಂಥದ್ದೇ. ನಮ್ಮಲ್ಲಿ ಮಳೆ ವರ್ಷವಿಡೀ ಹದವಾಗಿ ಬೀಳದೆ, ಕೆಲವೇ ದಿನ ಧೋ ಎಂದು ಸುರಿಯುತ್ತದೆ. ಬೇರು ಮತ್ತು ತರಗೆಲೆಗಳ ಹೊದಿಕೆ ಕಳೆದುಕೊಂಡ ಮಸಾರಿ ನೆಲ ಆ ಹೊಡೆತವನ್ನು ತಡೆಯುವುದಿಲ್ಲ. ಗೋದಾವರಿ ನಮ್ಮ ತುಂಗಭದ್ರೆಯ ಪಾತ್ರಕ್ಕೆ ಸೇರಿದ್ದಲ್ಲ, ನಿಜ. ಆದರೆ ಪ್ರಸ್ಥಭೂಮಿ ಒಂದೇ, ಮುಂಗಾರೂ ಒಂದೇ.

ಹಾಗೆ ಜಾರುವ ಮಣ್ಣು ಮುಂದೆ ಕೆರೆಗಳ ಕಾಲದಲ್ಲಿ ಹೂಳಾಯಿತು. ಕೆರೆ ಕಟ್ಟಿಸಿದವರ ಶಾಸನಗಳನ್ನು ನಾವು ಓದುತ್ತೇವೆ, ಹೂಳೆತ್ತಿದ ಬಂಡಿಗಳನ್ನು ಅಷ್ಟಾಗಿ ನೆನೆಯುವುದಿಲ್ಲ. ಕುಡತಿನಿಯಿಂದ ಪಶ್ಚಿಮಕ್ಕೆ ಹೊರಟರೆ ಸಿಗುವ ತುಂಗಭದ್ರಾ ಜಲಾಶಯಕ್ಕೆ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಸುತ್ತಿತ್ತು. ಹೂಳು ತುಂಬಿ ಅದು ಸುಮಾರು 105 ಟಿಎಂಸಿಗೆ ಇಳಿದಿದೆ.

ಕೊನೆಯ ದೃಶ್ಯವನ್ನು ನಾನು ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಬೇಸಿಗೆಯ ಒಂದು ಸಂಜೆ ಚಿತ್ರಿಸಿದೆ. ನೀರು ಹಿಂದೆ ಸರಿದ ಜಾಗದಲ್ಲಿ ಹೂಳು ಬಿರಿದು, ಬಿರುಕುಗಳ ನಡುವೆ ಹುಲ್ಲು ಎದ್ದಿತ್ತು. ಕುರಿಯ ಹಿಂಡೊಂದು ಅದನ್ನು ಮೇಯುತ್ತ ನೀರಿನ ಕಡೆಗೆ ಇಳಿಯಿತು. ಹಿಂಡು ದಾಟಿಹೋದ ಮೇಲೆ ಹಸಿ ಕೆಸರಿನ ತುಂಬ ಗೊರಸಿನ ಗುರುತುಗಳು ಉಳಿದಿದ್ದವು.