ಎಂಟಡಿ ಎತ್ತರದ ಪಾಠ

ಕೇಳುಗರಿಗೆ ನಮಸ್ಕಾರ. ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲೆಂದು, ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗಳಿಗೆ, ಅಂದರೆ ಗೊಂಚಲುಗಳಿಗೆ, ಒಂದು ಸಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದಾಗಿದೆ. 40-45 ದಿನ ಕಳೆದು ಈಗ ಎರಡನೆಯ ಸುತ್ತು. ಕೊಳೆರೋಗ ಮಳೆ ನಿಲ್ಲಲೆಂದು ಕಾಯುವುದಿಲ್ಲ. ಮರದ ಮೈಗೆಲ್ಲ ಹಾವಸೆ ಕಟ್ಟಿದೆ. ಆದರೂ ಒಂದು ಗಂಟೆ ಹೊಳವಾಯಿತೆಂದರೆ ಸಾಕು, ಮರ ಏರಿ ಮದ್ದು ಹೊಡೆಯುವ, ಕೊನೆ ಇಳಿಸುವ ಕೊನೆಗೌಡರನ್ನು ಹತ್ತಿಸಿ, ನಾವು ಕೆಳಗೆ ನಿಂತು ಮೋಡ ನೋಡುತ್ತೇವೆ.

ಹಿಂದೊಮ್ಮೆ ಊರಿನ ಇಬ್ಬರು ಯುವಕರ ಜೊತೆ ಮರ ಏರುವವರ ತರಬೇತಿಗೆ ಹೋಗಿದ್ದೆ. ಇಬ್ಬರಲ್ಲಿ ಒಬ್ಬ ಹತ್ತು ವರ್ಷದಿಂದ ಐವತ್ತು ಅಡಿಯ ಮರಗಳನ್ನು ಕಾಲಿಗೆ ಬರಿಯ ತಳೆ, ಅಂದರೆ ಹಗ್ಗದ ಬಳೆ, ಹಾಕಿ ಹತ್ತಿದವನು. 'ನನಗೇನು ಕಲಿಸುತ್ತಾರೆ' ಎಂದು ದಾರಿಯುದ್ದಕ್ಕೂ ನಗುತ್ತಿದ್ದ. ಅಲ್ಲಿ ಅವನ ಸೊಂಟಕ್ಕೂ ತೊಡೆಗೂ ಸುರಕ್ಷತಾ ಪಟ್ಟಿ ಬಿಗಿದು, ಮರಕ್ಕೆ ಹಗ್ಗ ಸುತ್ತಿ, ಎಂಟೇ ಅಡಿ ಹತ್ತಿಸಿದರು. 'ಈಗ ಎರಡೂ ಕೈ ಬಿಡು' ಎಂದರು. ಅವನಿಂದ ಆಗಲಿಲ್ಲ. ಬೆರಳುಗಳು ಬಿಳುಚಿಕೊಂಡವೇ ಹೊರತು ಮರ ಬಿಡಲಿಲ್ಲ. ಇಷ್ಟು ವರ್ಷ ಕೈಯನ್ನೇ ನಂಬಿದವನು ಹಗ್ಗಕ್ಕೆ ಮೈಭಾರ ಕೊಡುವುದನ್ನು ಕಲಿಯಲು ಅರ್ಧ ದಿನ ಹಿಡಿಯಿತು. ನಾನೂ ಹತ್ತಿ ನೋಡಿದೆ. ಆ ಕಥೆ ಬೇಡ ಬಿಡಿ.

ಹತ್ತುವುದರಲ್ಲಿ ಕೊನೆಗೌಡರಿಗೆ ಪಾಠ ಬೇಕಿಲ್ಲ. ತೊಡಕು ಇರುವುದು ತುದಿಯಲ್ಲಿ. ಅಲ್ಲಿ ಕೊನೆ ಹಿಡಿಯಲು ಒಂದು ಕೈ, ಕತ್ತಿಗೆ ಇನ್ನೊಂದು ಕೈ ಬೇಕು. ಮರ ಹಿಡಿಯಲು ಮೂರನೆಯ ಕೈ ಎಲ್ಲಿದೆ? 20 ಅಡಿಯಿಂದ ಜಾರಿದವರು ನೆಲ ಮುಟ್ಟಲು ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು ಸಾಕು. ಆಗ ವೇಗ ಗಂಟೆಗೆ ಹತ್ತಿರಹತ್ತಿರ 40 ಕಿಲೋಮೀಟರ್. 'ಜಾರಿದರೆ ಹಿಡಿದುಕೊಳ್ಳುತ್ತೇನೆ' ಎನ್ನುವ ಮಾತು ಮುಗಿಯುವಷ್ಟು ಹೊತ್ತೂ ಸಿಗುವುದಿಲ್ಲ.

ಪಟ್ಟಿ ಮನೆಯಲ್ಲಿದ್ದರೂ ಕಟ್ಟಿಕೊಳ್ಳುವುದಿಲ್ಲ ಎಂಬ ದೂರು ಎಲ್ಲ ತೋಟದವರದೂ ಇದೆ. ನನ್ನದೂ ಇತ್ತು. ನಮ್ಮಲ್ಲಿ 9 ಅಡಿಗೊಂದು ಮರ. ಚುರುಕಾದ ಕೊನೆಗೌಡರು ಇಳಿಯುವುದೇ ಇಲ್ಲ, ಮರವನ್ನು ಜೀಕಿ ಪಕ್ಕದ ಮರಕ್ಕೆ ದಾಟುತ್ತಾರೆ. ಮರಕ್ಕೆ ಸುತ್ತಿದ ಹಗ್ಗವಿದ್ದರೆ ದಾಟಲು ಬರುವುದಿಲ್ಲ. ಪ್ರತಿ ಮರ ಇಳಿದು ಹತ್ತಿದರೆ ದಿನದ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಕೊನೆ ಎಣಿಸಿ ಕೂಲಿ ಕೊಡುತ್ತ, 'ಪಟ್ಟಿ ಕಟ್ಟಿಕೋ ಮಾರಾಯ' ಎಂದು ಕೆಳಗಿನಿಂದ ಕೂಗುವುದು ಬರಿಯ ಬಾಯುಪಚಾರ. ನಾನು ದಿನಗೂಲಿಗೆ ಬದಲಾದೆ. ಖರ್ಚು ಏರಿತು, ಅದನ್ನು ಮುಚ್ಚಿಡುವುದಿಲ್ಲ. ಪಟ್ಟಿ ಮಾತ್ರ ಅಟ್ಟದಿಂದ ಇಳಿಯಿತು.

ಇನ್ನು ದೋಟಿಯ, ಅಂದರೆ ಉದ್ದ ಕೋಲಿನ, ಮಾತು. ನೆಲದಲ್ಲೇ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದು ಎಷ್ಟೋ ಮರ ಹತ್ತುವುದು ತಪ್ಪಿದೆ. ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಅಂಚಿನಲ್ಲಿ ತಂತಿ ಹಾದಿದ್ದರೆ ಆ ಸಾಲಿಗೆ ದೋಟಿ ಒಯ್ಯಲೇಬೇಡಿ. ಅಲ್ಯೂಮಿನಿಯಂ ಏಣಿಗೂ ಇದೇ ಮಾತು.

ಒಬ್ಬರನ್ನೇ ತೋಟಕ್ಕೆ ಕಳಿಸಬೇಡಿ. ಪಟ್ಟಿಯಲ್ಲಿ ಪ್ರಜ್ಞೆ ತಪ್ಪಿ ನೇತಾಡುವವರ ರಕ್ತ ಕಾಲಿನಲ್ಲೇ ನಿಂತುಬಿಡುತ್ತದೆ, ಅವರನ್ನು ಬೇಗ ಇಳಿಸಬೇಕು. ಇಳಿಸುವುದು ಹೇಗೆಂದು ಕೆಳಗಿದ್ದವರಿಗೂ ಗೊತ್ತಿರಬೇಕು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕುವ ನಮ್ಮ ಹಳೆಯ ರೂಢಿ ಬೆನ್ನುಹುರಿಗೆ ಕುತ್ತು. ತಲೆ, ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ಅನಿವಾರ್ಯವಾಗಿ ಸಾಗಿಸಲೇಬೇಕಾದರೆ ಹಲಗೆಯ ಮೇಲೆ, ಮೈ ತಿರುಚದಂತೆ.

ನಮ್ಮ ತೋಟಕ್ಕೆ ಬರುವ ಹಿರಿಯ ಕೊನೆಗೌಡರು ತರಬೇತಿಗೆ ಬಂದವರಲ್ಲ. ಆದರೆ ಹತ್ತುವ ಮೊದಲು ಕತ್ತಿಯ ಬೆನ್ನಿನಿಂದ ಮರ ತಟ್ಟಿ ಕಿವಿಗೊಡುತ್ತಾರೆ. ನೈಋತ್ಯದ ಬಿಸಿಲಿಗೆ ಸುಟ್ಟು ಸೀಳಿದ ಮರದ ಸದ್ದು ಬೇರೆ, ಬುಡಕ್ಕೆ ಅಣಬೆ ರೋಗ ಬಿದ್ದ ಮರದ ಸದ್ದು ಬೇರೆಯಂತೆ. 'ಇದು ಬೇಡ' ಎಂದ ಮರಕ್ಕೆ ನಾನು ಸುಣ್ಣದ ಗೆರೆ ಎಳೆಯುತ್ತೇನೆ. ಈಗ ಅಂಥ ಹನ್ನೊಂದು ಮರಗಳಿವೆ. ದೋಟಿಗೆ ಎಟುಕಿದ ಕೊನೆ ಇಳಿಸುತ್ತೇವೆ, ಎಟುಕದಿದ್ದರೆ ಉದುರಿದ ಅಡಿಕೆ ಹೆಕ್ಕುತ್ತೇವೆ. ನಮಸ್ಕಾರ.