ಮೂವತ್ತು ಸಾವಿರ ಜನ, ಒಂದು ಸೇತುವೆ, ಮುದ್ರೆ ಬೀಳದ ಮಾತು

ಒಂದು ಪತ್ರದಿಂದ ಶುರು ಮಾಡೋಣ. 1536ರ ಅಕ್ಟೋಬರ್ ಕೊನೆಯ ವಾರ. ಇಂಗ್ಲೆಂಡಿನ ಉತ್ತರ ಭಾಗ ದಂಗೆ ಎದ್ದಿದೆ. ಅದನ್ನು ಅಡಗಿಸಲು ಹೊರಟ ನಾರ್‌ಫೋಕ್‌ನ ಡ್ಯೂಕ್ ಥಾಮಸ್ ಹೋವರ್ಡ್ ದಾರಿಯಿಂದಲೇ ದೊರೆ ಎಂಟನೇ ಹೆನ್ರಿಗೆ ಬರೆಯುತ್ತಾನೆ: ಬಂಡಾಯಗಾರರಿಗೆ ನಾನು ಏನೇ ಮಾತು ಕೊಟ್ಟರೂ ತಪ್ಪು ತಿಳಿಯಬೇಡಿ, ಅದರಲ್ಲಿ ಒಂದನ್ನೂ ನಾನು ಪಾಲಿಸುವುದಿಲ್ಲ. ಮಾತುಕತೆ ಇನ್ನೂ ಆಗಿಲ್ಲ. ಮಾತಿಗೆ ತಪ್ಪುವುದು ಆಗಲೇ ನಿಕ್ಕಿಯಾಗಿದೆ.

ಪಿಲ್‌ಗ್ರಿಮೇಜ್ ಆಫ್ ಗ್ರೇಸ್, ಅಂದರೆ ‘ಕೃಪೆಯ ಯಾತ್ರೆ’ ಎಂಬ ಈ ದಂಗೆಯ ಕಥೆಯನ್ನು ಸಾಮಾನ್ಯವಾಗಿ ಹೇಳುವುದು ಹೀಗೆ: ಮುಗ್ಧ ಜನ, ಮೋಸಗಾರ ದೊರೆ, ನಂಬಿ ಕೆಟ್ಟರು. ನನಗೆ ಇದು ಅರ್ಧ ಕಥೆ ಅನಿಸುತ್ತದೆ. ಇದರ ಮುಂದಾಳು ರಾಬರ್ಟ್ ಆಸ್ಕ್ ಲಂಡನ್ನಿನ ಗ್ರೇಸ್ ಇನ್‌ನ ವಕೀಲ. ಕಾಗದ, ಮುದ್ರೆ, ಸಾಕ್ಷಿ ಇವುಗಳ ಬೆಲೆ ಗೊತ್ತಿದ್ದವನು. ಅವನು ಸೋತದ್ದು ದಡ್ಡತನದಿಂದಲ್ಲ. ಇಷ್ಟು ಜನರನ್ನು ಒಟ್ಟುಗೂಡಿಸಿದ ಉಪಾಯವೇ ಕೊನೆಗೆ ಅವನ ಕೈ ಕಟ್ಟಿತು.

ಮೊದಲು ಕಿಡಿ ಹೊತ್ತಿದ್ದು ಲಿಂಕನ್‌ಶೈರ್‌ನ ಲೌತ್ ಊರಲ್ಲಿ. ಆ ಹೊತ್ತಿಗೆ ಆ ಸೀಮೆಯಲ್ಲಿ ಸರ್ಕಾರದ ಮೂರು ತಂಡಗಳು ಒಟ್ಟಿಗೇ ತಿರುಗುತ್ತಿದ್ದವು. ಒಂದು, ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚಿಸುವುದು. ಇನ್ನೊಂದು, ತೆರಿಗೆ ಎತ್ತುವುದು. ಮತ್ತೊಂದು, ಪಾದ್ರಿಗಳ ಯೋಗ್ಯತೆ ಪರೀಕ್ಷಿಸುವುದು. ಯಾವ ತಂಡ ಏನು ಮಾಡುತ್ತದೆ ಎಂದು ಹಳ್ಳಿಯವನಿಗೆ ಹೇಗೆ ಗೊತ್ತಾಗಬೇಕು? ಚರ್ಚಿನ ಬೆಳ್ಳಿಯನ್ನೂ ಒಯ್ಯುತ್ತಾರಂತೆ, ನಾಮಕರಣಕ್ಕೂ ತೆರಿಗೆಯಂತೆ ಎಂಬ ಗಾಳಿಸುದ್ದಿ ಹಬ್ಬಿತು. ಲೌತ್‌ನವರಿಗೆ ಇದು ಎದೆಗೇ ತಾಗಿತು. ಅವರ ಸೇಂಟ್ ಜೇಮ್ಸ್ ಚರ್ಚಿನ ಗೋಪುರ ಮುಗಿದು ಇಪ್ಪತ್ತೊಂದೇ ವರ್ಷ ಆಗಿತ್ತು, ಹಬ್ಬದ ಮೆರವಣಿಗೆಗೆ ಬೆಳ್ಳಿಯ ಶಿಲುಬೆಗಳಿದ್ದವು. ಅಕ್ಟೋಬರ್ 1ರ ಭಾನುವಾರ, ಈ ಶಿಲುಬೆಗಳ ಹಿಂದೆ ನಡೆಯುವುದು ಇದೇ ಕೊನೆಯೋ ಏನೋ ಎಂದು ಒಬ್ಬ ಕೂಗಿದ. ಸಂಜೆಗೆ ಜನ ಖಜಾನೆಯ ಕೀಲಿಕೈ ಕಿತ್ತುಕೊಂಡು ಬೂಟು ಹೊಲಿಯುವ ನಿಕೋಲಸ್ ಮೆಲ್ಟನ್‌ನ ಕೈಗೆ ಕೊಟ್ಟರು. ರಾತ್ರಿಯಿಡೀ ಚರ್ಚಿಗೆ ಕಾವಲು. ಮಾರನೇ ದಿನ ಬಿಷಪ್ಪರ ದಫ್ತರದವನು ಬಂದಾಗ ಅವನ ಪುಸ್ತಕಗಳನ್ನು ಪೇಟೆಯಲ್ಲೇ ಸುಟ್ಟರು.

ಲಿಂಕನ್‌ಶೈರ್ ಎರಡು ವಾರದೊಳಗೆ ತಣ್ಣಗಾಯಿತು. ಅಲ್ಲಿ ಹಾರ್ನ್‌ಕಾಸಲ್‌ನಲ್ಲಿ ಬಿಷಪ್ಪರ ಅಧಿಕಾರಿ ಡಾಕ್ಟರ್ ರೇನ್ಸ್‌ನನ್ನು ಬಡಿದು ಕೊಂದರು. ರಕ್ತ ಕಂಡ ಕೂಡಲೇ ಜಮೀನ್ದಾರರು ಹಿಂದೆ ಸರಿದರು. ಆಸ್ಕ್ ಈ ಪಾಠವನ್ನು ಕಲಿತ ಅಂತ ನನ್ನ ಲೆಕ್ಕ. ಹಂಬರ್ ನದಿ ದಾಟಿ ಲಂಡನ್ನಿಗೆ ಹೊರಟಿದ್ದ ಅವನನ್ನು ಲಿಂಕನ್‌ಶೈರ್ ಜನ ಅಡ್ಡಗಟ್ಟಿ ಆಣೆ ಮಾಡಿಸಿದ್ದರು. ಆ ಆಣೆಯನ್ನೇ ಅವನು ಯಾರ್ಕ್‌ಶೈರ್‌ನಲ್ಲಿ ತಿದ್ದಿ ಬರೆದ: ಈ ಯಾತ್ರೆಗೆ ದೇವರ ಪ್ರೀತಿಗಾಗಿ ಮಾತ್ರ ಬರುತ್ತೇನೆ, ಸ್ವಂತ ಲಾಭಕ್ಕಲ್ಲ, ಚರ್ಚನ್ನೂ ದೊರೆಯನ್ನೂ ಅವನ ಸಂತತಿಯನ್ನೂ ಕಾಯುತ್ತೇನೆ, ದುಷ್ಟ ಸಲಹೆಗಾರರನ್ನು ಓಡಿಸುತ್ತೇನೆ. ಎದೆಯ ಮೇಲೆ ಕ್ರಿಸ್ತನ ಐದು ಗಾಯಗಳ ಚಿಹ್ನೆ. ದಂಗೆ ಎಂಬ ಮಾತೇ ಇಲ್ಲ, ಇದು ಯಾತ್ರೆ.

ಶಿಸ್ತು ನೋಡಿ. ಅಕ್ಟೋಬರ್ 16ಕ್ಕೆ ಯಾರ್ಕ್ ನಗರ ಹೊಕ್ಕಾಗ ಕುದುರೆ ಸವಾರರನ್ನಷ್ಟೇ ಒಳಗೆ ಬಿಟ್ಟ, ಕಾಲಾಳುಗಳನ್ನು ಹೊರಗೇ ನಿಲ್ಲಿಸಿದ. ಕಾರಣ ಸರಳ: ಸಾವಿರಾರು ಜನ ಒಳಗೆ ನುಗ್ಗಿದರೆ ಲೂಟಿ ತಡೆಯಲಾಗದು. ಮುಚ್ಚಿದ ಮಠಗಳ ಸನ್ಯಾಸಿಗಳು ಹೇಗೆ ವಾಪಸ್ ಹೋಗಬೇಕು ಎಂದು ದೊಡ್ಡ ಚರ್ಚಿನ ಬಾಗಿಲಿಗೆ ಆದೇಶ ಅಂಟಿಸಿದ. ಸುಮ್ಮನೆ ಹೋಗಿ ಕೂರುವುದಲ್ಲ. ದೊರೆಯಿಂದ ಮಠವನ್ನು ಗುತ್ತಿಗೆ ಹಿಡಿದವನ ಜೊತೆ ಕೂತು, ಅಲ್ಲಿದ್ದ ಸಾಮಾನುಗಳನ್ನು ನೋಡಿ, ಇಬ್ಬರ ನಡುವೆ ಕರಾರು ಬರೆದು ಜೋಪಾನ ಮಾಡಬೇಕು. ಬಂಡಾಯದ ನಡುವೆ ಕರಾರುಪತ್ರ! ವಕೀಲನ ಬುದ್ಧಿ ಅಂದರೆ ಇದು.

ಮಠಗಳಿಗಾಗಿ ಇಷ್ಟು ಯಾಕೆ? ಮುಂದೆ ಲಂಡನ್ನಿನ ಟವರ್‌ನಲ್ಲಿ ವಿಚಾರಣೆಯಾದಾಗ ಆಸ್ಕ್ ಕೊಟ್ಟ ಉತ್ತರದಲ್ಲಿ ಭಕ್ತಿಯ ಜೊತೆಗೆ ಲೆಕ್ಕವೂ ಇದೆ. ಬೆಟ್ಟಗಾಡಿನಲ್ಲಿ ದಾರಿಹೋಕರಿಗೆ ಊಟ, ಆಸರೆ ಕೊಡುತ್ತಿದ್ದದ್ದು ಮಠ. ಸಮುದ್ರದ ಒಡ್ಡು, ಸೇತುವೆ, ರಸ್ತೆ ದುರಸ್ತಿ ಮಾಡಿಸುತ್ತಿದ್ದದ್ದೂ ಮಠವೇ. ಈಗ ಆ ಜಮೀನಿನ ಗೇಣಿ ದೊರೆಯ ಬೊಕ್ಕಸಕ್ಕೆ ಹೋಗುತ್ತದೆ, ಉತ್ತರದಲ್ಲಿ ಚಲಾವಣೆಗೆ ನಾಣ್ಯವೇ ಉಳಿಯುವುದಿಲ್ಲ ಎಂಬುದು ಅವನ ವಾದ. ಇದು ಧರ್ಮದ ದಂಗೆಯೋ ಹೊಟ್ಟೆಪಾಡಿನ ದಂಗೆಯೋ ಅಂತ ಇವತ್ತಿಗೂ ಜಗಳವಿದೆ. ಒಡ್ಡು ಕಟ್ಟಿಸಿದವನೇ ಸತ್ತವರಿಗೆ ಪ್ರಾರ್ಥನೆಯನ್ನೂ ಮಾಡುವ ಊರಲ್ಲಿ ಈ ಎರಡನ್ನು ಬೇರೆ ಮಾಡುವುದು ಹೇಗೆ?

ಅಕ್ಟೋಬರ್ 27, ಡಾಂಕಾಸ್ಟರ್ ಸೇತುವೆ. ಒಂದು ಕಡೆ ಸುಮಾರು 30,000 ಯಾತ್ರಿಕರು. ಇನ್ನೊಂದು ಕಡೆ ನಾರ್‌ಫೋಕ್, ಎಂಟು ಸಾವಿರದ ಆಸುಪಾಸಿನ ಪಡೆ. ಪಾಂಟಿಫ್ರಾಕ್ಟ್ ಕೋಟೆಯನ್ನು ಲಾರ್ಡ್ ಡಾರ್ಸಿ ಆಗಲೇ ಒಪ್ಪಿಸಿ ಇವರ ಕಡೆ ಸೇರಿದ್ದಾನೆ. ದಾಟಿ ನಡೆದಿದ್ದರೆ ಹೆನ್ರಿಗೆ ದೊಡ್ಡ ಗಂಡಾಂತರವಿತ್ತು. ದಾಟಲಿಲ್ಲ. ಇಬ್ಬರು ದೂತರನ್ನು ದೊರೆಯ ಬಳಿಗೆ ಕಳಿಸಿ ಕದನ ವಿರಾಮಕ್ಕೆ ಒಪ್ಪಿದರು. ಹೆನ್ರಿ ಆ ದೂತರನ್ನು ನವೆಂಬರ್ ಮಧ್ಯದವರೆಗೆ ಹಿಡಿದಿಟ್ಟುಕೊಂಡ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ದೊರೆಗೆ ಬೇಕಿದ್ದದ್ದು ಅಷ್ಟೇ. ಸಂಬಳವಿಲ್ಲದೆ ಬಂದ ರೈತರ ದಂಡು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಒಟ್ಟಿಗೆ ನಿಲ್ಲುವುದಿಲ್ಲ.

ಡಿಸೆಂಬರ್ 2ರಿಂದ 4ರವರೆಗೆ ಪಾಂಟಿಫ್ರಾಕ್ಟ್‌ನಲ್ಲಿ ಕೂತು 24 ಬೇಡಿಕೆ ಬರೆದರು. ಹೆನ್ರಿ ತನ್ನ ಕೈಗೆ ತೆಗೆದುಕೊಂಡಿದ್ದ ಆತ್ಮಗಳ ಮೇಲಿನ ಅಧಿಕಾರ ಪೋಪ್‌ಗೆ ಮರಳಬೇಕು. ಮಠಗಳು ತೆರೆಯಬೇಕು. ಮೇರಿಯನ್ನು ಹೆನ್ರಿಯ ಸಕ್ರಮ ಮಗಳೆಂದು ಒಪ್ಪಬೇಕು. ದೊರೆಯ ಪ್ರಧಾನ ಸಲಹೆಗಾರ ಥಾಮಸ್ ಕ್ರಾಮ್‌ವೆಲ್‌ಗೆ ಶಿಕ್ಷೆಯಾಗಬೇಕು. ಇವುಗಳ ಪಕ್ಕದಲ್ಲೇ: ವೆಸ್ಟ್‌ಮೋರ್‌ಲ್ಯಾಂಡ್, ಕಂಬರ್‌ಲ್ಯಾಂಡ್ ಕಡೆ ಗೇಣಿ ಹಕ್ಕು ಕೈ ಬದಲಾದಾಗ ಒಡೆಯನಿಗೆ ಕೊಡುವ ಕಾಣಿಕೆ ಎರಡು ವರ್ಷದ ಗೇಣಿಗೆ ನಿಲ್ಲಬೇಕು. ಟ್ರೆಂಟ್ ನದಿಯ ಉತ್ತರದವರಿಗೆ ಸಮನ್ಸ್ ಬಂದರೆ ಹಾಜರಿ ಯಾರ್ಕ್‌ನಲ್ಲೇ ಆಗಬೇಕು. ಪಾರ್ಲಿಮೆಂಟು ಯಾರ್ಕ್ ಅಥವಾ ನಾಟಿಂಗ್‌ಹ್ಯಾಮ್‌ನಲ್ಲಿ ಸೇರಬೇಕು. ಇಷ್ಟು ಕರಾರುವಾಕ್ಕಾಗಿ ಬರೆದವರು ಡಿಸೆಂಬರ್ 6ರಂದು ನಾರ್‌ಫೋಕ್‌ನಿಂದ ಪಡೆದದ್ದೇನು? ಸಾರ್ವತ್ರಿಕ ಕ್ಷಮಾದಾನ. ಅದು ಕಾಗದದ ಮೇಲೆ. ಪಾರ್ಲಿಮೆಂಟು ಕರೆಯುವ ಭರವಸೆ, ಅಲ್ಲಿಯವರೆಗೆ ಮಠಗಳು ಉಳಿಯುವ ಭರವಸೆ. ಅವು ಬಾಯಿಮಾತು.

ಒತ್ತೆಯಾಳು ಕೇಳಬಹುದಿತ್ತು. ದೊರೆಯ ಸಹಿ ಮುದ್ರೆ ಬೀಳುವವರೆಗೆ ದಂಡು ಚದುರಿಸದೆ ಇರಬಹುದಿತ್ತು. ಕೇಳಲು ಅವರ ಆಣೆಯೇ ಬಿಡಲಿಲ್ಲ. ದೊರೆ ಒಳ್ಳೆಯವನು, ಮಂತ್ರಿಗಳು ಕೆಟ್ಟವರು ಎಂದು ಸಾವಿರಾರು ಜನರಿಂದ ಪ್ರಮಾಣ ಮಾಡಿಸಿದ ಮೇಲೆ ಅದೇ ದೊರೆಯ ಹತ್ತಿರ ಮುಚ್ಚಳಿಕೆ ಬರೆಸಿಕೊಳ್ಳಲು ಯಾವ ಬಾಯಲ್ಲಿ ಹೋಗುತ್ತೀರಿ? ಕೇಳಿದ ಕ್ಷಣ ಯಾತ್ರಿಕ ದ್ರೋಹಿಯಾಗುತ್ತಾನೆ, ಜಮೀನ್ದಾರರು ಲಿಂಕನ್‌ಶೈರ್‌ನವರ ಹಾಗೆ ಜಾರಿಕೊಳ್ಳುತ್ತಾರೆ. ಡಿಸೆಂಬರ್ 8ರಂದು ಆಸ್ಕ್ ಎಲ್ಲರೆದುರು ಐದು ಗಾಯಗಳ ಚಿಹ್ನೆ ಕಿತ್ತು, ಇನ್ನು ದೊರೆಯ ಚಿಹ್ನೆ ಬಿಟ್ಟು ಬೇರೆ ತೊಡುವುದಿಲ್ಲ ಎಂದ. ಕ್ರಿಸ್‌ಮಸ್‌ಗೆ ಹೆನ್ರಿ ಅವನನ್ನು ಆಸ್ಥಾನಕ್ಕೇ ಕರೆಸಿಕೊಂಡು ಆದರಿಸಿದ.

ಕ್ಷಮಾದಾನದ ಒಳಸುಳಿಯನ್ನು ಹಿಡಿದವನು ಸರ್ ಫ್ರಾನ್ಸಿಸ್ ಬೈಗಡ್. ವಿಚಿತ್ರವೆಂದರೆ ಇವನು ಯಾತ್ರಿಕರು ವಿರೋಧಿಸುತ್ತಿದ್ದ ಚರ್ಚ್ ಸುಧಾರಣೆಯ ಕಡೆಯವನು. ಪತ್ರದ ಒಕ್ಕಣೆ ದೊರೆಯ ಮಾತಿನಂತಿಲ್ಲ, ಬೇರೊಬ್ಬ ಹೇಳಿದ ಕಥೆಯಂತಿದೆ ಎಂದು ಜನರಿಗೆ ಬಿಡಿಸಿ ಹೇಳಿದ. ರೋಗ ಗುರುತಿಸಿದ್ದು ಸರಿ, ಮದ್ದು ಕೆಟ್ಟದ್ದು. 1537ರ ಜನವರಿಯಲ್ಲಿ ಹಲ್, ಸ್ಕಾರ್‌ಬರೋ ಹಿಡಿಯಲು ಹೋಗಿ ಕೆಲವೇ ದಿನದಲ್ಲಿ ಮುಗ್ಗರಿಸಿದ. ಕ್ಷಮಾದಾನ ಹಳೆಯ ತಪ್ಪುಗಳಿಗೆ ಮಾತ್ರ. ಹೊಸ ತಪ್ಪು ಸಿಕ್ಕಿತು, ದೊರೆಯ ಕೈ ಬಿಚ್ಚಿತು. ಬೈಗಡ್‌ನ ಗಲಭೆಯನ್ನು ತಣಿಸಲು ಓಡಾಡಿದ ಆಸ್ಕ್‌ಗೂ ಬಿಡುಗಡೆ ಸಿಗಲಿಲ್ಲ. ಜುಲೈ 12ರಂದು ಯಾರ್ಕ್‌ನಲ್ಲಿ ಅವನನ್ನು ಸರಪಳಿಯಲ್ಲಿ ನೇತುಹಾಕಿದರು. ಡಾರ್ಸಿಯ ತಲೆ ಅದಕ್ಕೆ ಮೊದಲೇ ಉರುಳಿತ್ತು. 1540ರ ವಸಂತ ಮುಗಿಯುವಷ್ಟರಲ್ಲಿ ಇಂಗ್ಲೆಂಡಿನಲ್ಲಿ ಒಂದು ಮಠವೂ ಉಳಿದಿರಲಿಲ್ಲ.

1537ರ ಫೆಬ್ರವರಿಯಲ್ಲಿ ಕಾರ್ಲೈಲ್ ನಗರದ ಮೇಲೆ ನುಗ್ಗಿ ಸೋತ ಬಡ ರೈತರ ಮೇಲೆ ನಾರ್‌ಫೋಕ್ ಸೇನಾ ಕಾನೂನು ಹೇರಿದ. 74 ಜನರಿಗೆ ಅವರವರ ಊರಲ್ಲೇ ನೇಣು. ಹನ್ನೆರಡು ಜನರ ಪಂಚಾಯ್ತಿದಾರರ ಎದುರು ವಿಚಾರಣೆ ಮಾಡಿದ್ದರೆ ಐದರಲ್ಲಿ ಒಬ್ಬನಿಗೂ ಶಿಕ್ಷೆ ಆಗುತ್ತಿರಲಿಲ್ಲ ಎಂದು ಅವನೇ ಬರೆದಿದ್ದಾನೆ. ಆ ಸೀಮೆಯಲ್ಲಿ ಕಬ್ಬಿಣಕ್ಕೆ ಬರ, ಹಾಗಾಗಿ ಸರಪಳಿ ಸಾಲದೆ ಹಲವರನ್ನು ಹಗ್ಗದಲ್ಲಿ ತೂಗಿಸಿದರು. ಹಗ್ಗವಾದ್ದರಿಂದ ಕುಯ್ಯಲು ಬಂತು. ಹೆಂಡತಿಯರು, ತಾಯಂದಿರು ರಾತ್ರಿ ಹೋಗಿ ಹೆಣ ಇಳಿಸಿ ಹೂತರು. ಯಾರು ಇಳಿಸಿದರು ಎಂದು ಲಂಡನ್ನಿನಿಂದ ಪ್ರಶ್ನೆ ಬಂತು. ಒಬ್ಬೊಬ್ಬ ಹೆಂಗಸನ್ನೂ ಕೇಳಿ ಹೇಳಿಕೆ ಬರೆದುಕೊಂಡರು. ಅದು ಮಾತ್ರ ಬಾಯಿಮಾತಾಗಿ ಉಳಿಯಲಿಲ್ಲ.